ನೂರು ಡೋಸಿನ ಬಾಟಲಿ, ಹತ್ತು ಕೋಳಿಯ ಮನೆ

ಕೋಳಿಗೆ ಬರುವ ಕೊಕ್ಕರೆ ರೋಗದ ಲಸಿಕೆ ನಮ್ಮ ಕಡೆ ಸಿಗುವುದರಲ್ಲಿ ಅತಿ ಚಿಕ್ಕದೆಂದರೆ ನೂರು ಡೋಸಿನ ಬಾಟಲಿ. ನಮ್ಮ ಕೇರಿಯ ಯಾವ ಮನೆಯಲ್ಲೂ ನೂರು ಕೋಳಿ ಇಲ್ಲ. ದೊಡ್ಡವು ಹತ್ತಿದ್ದರೆ ಹೆಚ್ಚು, ಮರಿಗಳನ್ನು ಸೇರಿಸಿದರೆ ಮೂವತ್ತು. ಬಾಟಲಿ ತೆರೆದು ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಾಳೆಗೆಂದು ಎತ್ತಿಟ್ಟರೆ ಅದು ಬರೀ ನೀರು. ಹೀಗಾಗಿ ಹತ್ತು ಕೋಳಿಯವರು ‘ಇಷ್ಟಕ್ಕೆಲ್ಲ ಯಾರು ಲಸಿಕೆ ತರುತ್ತಾರೆ’ ಎಂದು ಸುಮ್ಮನಾಗುತ್ತಾರೆ. ಬೇಸಿಗೆಯಲ್ಲಿ ರೋಗ ನುಗ್ಗಿದಾಗ ಒಡ್ಡಿಗೆ ಒಡ್ಡಿಯೇ, ಅಂದರೆ ಇಡೀ ಕೋಳಿಗೂಡೇ, ಖಾಲಿಯಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿನಲ್ಲಿ ಐದಾರು ಮನೆಯ ಹೆಂಗಸರು ಸೇರಿ ಕೋಳಿ ಸಾಕಲು ಹೊರಟದ್ದು ಈ ಬಾಟಲಿಯ ದೆಸೆಯಿಂದ. ಕೋಳಿ ಅವರವರದೇ, ಮೊಟ್ಟೆಯ ದುಡ್ಡೂ ಅವರವರದೇ. ಲಸಿಕೆ, ಮರಿಗಳ ಫೀಡು, ಕಾವಿಗೆ ಕೂರುವ ಹೇಂಟೆ, ಹುಂಜ, ಇಷ್ಟು ಮಾತ್ರ ಕೇರಿಯದು.

ಕೊಕ್ಕರೆ ರೋಗವನ್ನು ಪಶುವೈದ್ಯರು ರಾಣಿಖೇತ್ ಎನ್ನುತ್ತಾರೆ. ಹಸಿರು ಮಿಶ್ರಿತ ಬಿಳಿ ಭೇದಿ, ಬಾಯಿ ತೆರೆದು ಏದುಸಿರು, ಆಮೇಲೆ ಕತ್ತು ತಿರುಚಿಕೊಂಡು ಸುತ್ತುವುದು, ಕಾಲು ಎಳೆಯುವುದು. ಕೆಲವಕ್ಕೆ ಇದಾವುದೂ ಇಲ್ಲ, ಬೆಳಿಗ್ಗೆ ಒಡ್ಡಿಯ ಬಾಗಿಲು ತೆರೆದರೆ ಸತ್ತು ಬಿದ್ದಿರುತ್ತವೆ. ಇದಕ್ಕೆ ಔಷಧ ಇಲ್ಲ. ಬೆಳ್ಳುಳ್ಳಿ ಜಜ್ಜಿ ಹಾಕಿದೆ, ಕಾಳುಮೆಣಸು ಅರೆದು ಹಾಕಿದೆ, ಬದುಕಿತು ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಬದುಕಿದ ಕೋಳಿ ತನ್ನ ಶಕ್ತಿಯಿಂದ ಬದುಕಿದೆ. ಅದೇ ಬೆಳ್ಳುಳ್ಳಿ ತಿಂದು ಸತ್ತವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರುವ ಮೊದಲು ಲಸಿಕೆ ಹಾಕಿಸಬೇಕು, ಬೇರೆ ದಾರಿಯಿಲ್ಲ.

ನಾವು ಅನುಸರಿಸುವ ಕ್ರಮ ಪಶು ಆಸ್ಪತ್ರೆಯವರು ಹೇಳಿಕೊಟ್ಟದ್ದು. ಮರಿ ಹುಟ್ಟಿದ ಐದರಿಂದ ಏಳನೇ ದಿನದೊಳಗೆ ಲಸೋಟಾ ಎಂಬ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕನೇ ವಾರದಲ್ಲಿ ಅದೇ ಇನ್ನೊಮ್ಮೆ. ಎಂಟು ವಾರ ತುಂಬಿದ ಮೇಲೆ ಆರ್2ಬಿ ಎಂಬ ಇಂಜೆಕ್ಷನ್, ರೆಕ್ಕೆಯ ಬಳಿ ಚರ್ಮದಡಿಗೆ ಅರ್ಧ ಎಂ.ಎಲ್. ಈ ಕೊನೆಯದು ಗಟ್ಟಿ ಲಸಿಕೆ. ಮೊದಲೆರಡು ಹನಿ ಬೀಳದ ಮರಿಗೆ ನೇರವಾಗಿ ಇದನ್ನು ಕೊಟ್ಟರೆ ಕಾಲು ಸೋತು ಕೂರುವುದುಂಟು. ಮೊಟ್ಟೆ ಇಡುತ್ತಿರುವ ಹೇಂಟೆಗೆ ಕೊಟ್ಟರೆ ಕೆಲವು ದಿನ ಮೊಟ್ಟೆ ಇಳಿಯುತ್ತದೆ. ಆದ್ದರಿಂದ ಮೊದಲ ಮೊಟ್ಟೆಗೆ ಮುಂಚೆಯೇ ಮುಗಿಸಿಬಿಡುವುದು ಲೇಸು. ಇಂಜೆಕ್ಷನ್ನಿಗೆ ಒಂದು ವಾರ ಮೊದಲು ಜಂತಿನ ಔಷಧ ಕೊಡುತ್ತೇವೆ. ಮಂಕಾಗಿ ಕುಳಿತ ಕೋಳಿಗೆ ಯಾವ ಲಸಿಕೆಯನ್ನೂ ಹಾಕುವುದಿಲ್ಲ.

ಒಂದು ಬಾಟಲಿ ಎಲ್ಲರಿಗೂ ಸಲ್ಲಬೇಕಾದರೆ ಎಲ್ಲರ ಮರಿಗಳೂ ಒಂದೇ ವಯಸ್ಸಿನವಾಗಿರಬೇಕು. ನಮ್ಮ ಇಡೀ ವ್ಯವಸ್ಥೆಯ ಗುಟ್ಟು ಇಷ್ಟೇ. ಹೇಂಟೆಗೆ ಕಾವು ಬರುವುದು ಅದರ ಮರ್ಜಿ, ನಮ್ಮ ಅಪ್ಪಣೆಯ ಮೇಲಲ್ಲ. ಆದರೆ ಕಾವಿಗೆ ಕೂತದ್ದನ್ನು ಒಂದೆರಡು ವಾರ ತಡೆಹಿಡಿಯಬಹುದು. ಮೊದಲು ಕೂತ ಹೇಂಟೆಯ ಕೆಳಗೆ ನಾಲ್ಕೈದು ಹಳೆಯ ಮೊಟ್ಟೆ ಇಟ್ಟು ಸುಮ್ಮನೆ ಕೂರಿಸುತ್ತೇವೆ. ಉಳಿದ ಮನೆಗಳ ಹೇಂಟೆಗಳೂ ಕೂತ ಮೇಲೆ, ಒಂದೇ ರಾತ್ರಿ, ಹಳೆಯದನ್ನು ತೆಗೆದು ಒಳ್ಳೆಯ ಮೊಟ್ಟೆ ಇಡುತ್ತೇವೆ. ಕತ್ತಲಲ್ಲಿ ಕೈ ಹಾಕಿದರೆ ಕುಕ್ಕುವುದು ಕಡಿಮೆ. ಇಪ್ಪತ್ತೊಂದು ದಿನಕ್ಕೆ ಕೇರಿಯಲ್ಲೆಲ್ಲ ಚಿಂವ್ ಚಿಂವ್.

ಇದನ್ನು ದೀಪಾವಳಿ ಮುಗಿದ ಮೇಲೆ ಮಾಡುತ್ತೇವೆ. ಮಳೆ ಹಿಂದೆ ಸರಿದಿರುತ್ತದೆ, ನೆಲ ಒಣಗಿರುತ್ತದೆ. ಡಿಸೆಂಬರ್ ಹೊತ್ತಿಗೆ ಒಡೆದ ಮರಿಗೆ ಫೆಬ್ರವರಿಯಲ್ಲಿ ಮೂರನೇ ಲಸಿಕೆಯೂ ಮುಗಿದಿರುತ್ತದೆ. ಮಾರಿ ಜಾತ್ರೆಗಳು ಶುರುವಾಗುವುದು ಆಮೇಲೆ. ಜಾತ್ರೆ ಎಂದರೆ ನೆಂಟರು, ನೆಂಟರ ಜೊತೆಗೆ ಕೋಳಿಗಳ ಓಡಾಟ, ಅವುಗಳ ಜೊತೆಗೆ ರೋಗ. ಪಂಚಾಂಗವನ್ನು ಹಿಂದಿನಿಂದ ಓದಿ ಮೊಟ್ಟೆ ಇಡುವುದೆಂದರೆ ಇದೇ.

ಲಸಿಕೆಯ ದಿನ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸು ತುಂಬಿಕೊಂಡು ಒಬ್ಬರು ಪೇಟೆಗೆ ಹೋಗುತ್ತಾರೆ. ಲಸಿಕೆ ತಂಪಿನಲ್ಲೇ ಬರಬೇಕು. ಬ್ಯಾಗಿನಲ್ಲಿ ತರಕಾರಿಯ ಜೊತೆ ಬಸ್ಸಿನಲ್ಲಿ ಕುಲುಕಿಕೊಂಡು ಬಂದ ಬಾಟಲಿ ಹಾಕಿಸಿದ ಸಮಾಧಾನ ಕೊಡಬಹುದು, ರಕ್ಷಣೆ ಕೊಡುವುದಿಲ್ಲ. ಸಂಜೆ ಕೋಳಿಗಳು ಒಡ್ಡಿ ಸೇರಿದ ಮೇಲೆ ಕೆಲಸ ಶುರು. ಎರಡು ಹೆಡಿಗೆ ಬೇಕು, ಒಂದರಲ್ಲಿ ಹಾಕಬೇಕಾದ ಮರಿಗಳು, ಇನ್ನೊಂದರಲ್ಲಿ ಹಾಕಿ ಆದವು. ಮರಿಯನ್ನು ಅಂಗೈಯಲ್ಲಿ ಮಲಗಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ತಲೆ ಹಿಡಿದು, ಒಂದು ಕಣ್ಣು ಮೇಲಕ್ಕೆ ಬರುವಂತೆ ಓರೆ ಮಾಡಬೇಕು. ಡ್ರಾಪರಿನ ತುದಿ ಕಣ್ಣಿಗೆ ತಾಗಬಾರದು. ಹನಿ ಬಿದ್ದ ಕೂಡಲೇ ಬಿಟ್ಟರೆ ಮರಿ ತಲೆ ಕೊಡವಿ ಎಲ್ಲವನ್ನೂ ನಿಮ್ಮ ಸೀರೆಗೆ ಎರಚುತ್ತದೆ. ಹನಿ ಕಣ್ಣಿನ ಮೇಲೆ ಉಬ್ಬಿ ನಿಲ್ಲುತ್ತದೆ. ಮರಿ ಕಣ್ಣು ಮಿಟುಕಿಸುತ್ತದೆ. ಹನಿ ಒಳಗಿಳಿದು ಮಾಯವಾಗುತ್ತದೆ. ಅಲ್ಲಿಯವರೆಗೆ ಹಿಡಿದಿರಬೇಕು. ಮೊದಲ ವರ್ಷ ಕೆಳಮನೆಯ ಅಜ್ಜಿ ನೋಡುತ್ತಾ ಕೂತಿದ್ದವರು, “ಅಲ್ಲ ಮಾರಾಯ್ತಿ, ಕೋಳಿಗೂ ಪೋಲಿಯೋ ಹನಿಯೇ?” ಎಂದರು. ಆ ಬೇಸಿಗೆ ಕಳೆದ ಮೇಲೆ ಹೆಡಿಗೆ ತಂದು ಮುಂದೆ ಕೂರುವವರು ಅವರೇ. ಉಳಿದ ಲಸಿಕೆಯನ್ನು ಬಾಟಲಿ ಸಮೇತ ಕುದಿಸಿ ಗುಂಡಿಯಲ್ಲಿ ಹೂಳುತ್ತೇವೆ. ಅದರಲ್ಲಿರುವುದು ಜೀವಂತ ವೈರಸ್ಸು. ತಿಪ್ಪೆಗೆ ಎಸೆಯುವ ವಸ್ತುವಲ್ಲ.

ಇನ್ನು ತಳಿ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ, ವರ್ಷಕ್ಕೆಲ್ಲ ಸೇರಿ ಐವತ್ತು ಅರವತ್ತು ಮೊಟ್ಟೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ ಇದರ ಎರಡು ಮೂರು ಪಟ್ಟು ಇಡುತ್ತವೆ. ಹಿತ್ತಲಿನಲ್ಲಿ ಮೇಯಲೆಂದೇ ಬಣ್ಣದ ಗರಿಯ ತಳಿಯಾಗಿ ಅವನ್ನು ರೂಪಿಸಿದ್ದಾರೆ. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ. ಮೊಟ್ಟೆ ಇಟ್ಟು ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಹೋಗಿಬಿಡುತ್ತದೆ. ಬರೀ ಗಿರಿರಾಜ ಇಟ್ಟುಕೊಂಡವರು ಪ್ರತಿ ಸಲವೂ ಮರಿ ಕೊಳ್ಳಬೇಕು. ನಮ್ಮಲ್ಲಿ ಎರಡು ಮನೆಯವರು ಮೊಟ್ಟೆಗಾಗಿ ಗಿರಿರಾಜ ಸಾಕುತ್ತಾರೆ, ಉಳಿದವರದು ನಾಟಿ. ಕಾವಿನ ಹೇಂಟೆ ಎರವಲು ಕೊಟ್ಟ ಮನೆಗೆ ಮೂರರಲ್ಲಿ ಒಂದು ಮರಿ ಎಂದು ಮಾತು. ನನ್ನ ಮಟ್ಟಿಗೆ ನಾಟಿಯೇ ಮೇಲು. ರುಚಿಯ ಮಾತು ಬಿಡಿ, ಗಿಡುಗ ನೆತ್ತಿಯ ಮೇಲೆ ಸುತ್ತಿದರೆ ನಾಟಿ ಹೇಂಟೆ ಒಂದೇ ಕೂಗಿಗೆ ಮರಿಗಳನ್ನು ಕಾಫಿ ಗಿಡದಡಿ ಸೇರಿಸುತ್ತದೆ. ಭಾರದ ಗಿರಿರಾಜ ನಿಂತಲ್ಲೇ ಯೋಚಿಸುತ್ತದೆ.

ವ್ಯಾನಿನಲ್ಲಿ ಬಂದು ‘ಗಿರಿರಾಜ, ಗಿರಿರಾಜ’ ಎಂದು ಕೂಗಿ ಮಾರುವ ಮರಿಗಳನ್ನು ನಾವು ಕೊಳ್ಳುವುದಿಲ್ಲ. ಬಣ್ಣದ ಗರಿ ಇದ್ದುದೆಲ್ಲ ಗಿರಿರಾಜವಲ್ಲ. ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವವು ಹೆಚ್ಚಿನಂಶ ಮೊಟ್ಟೆ ಫಾರಂಗೆ ಬೇಡವಾದ ಗಂಡು ಮರಿಗಳು. ಮಕ್ಕಳು ಹಟ ಹಿಡಿದು ತಂದುಕೊಳ್ಳುತ್ತಾರೆ, ವಾರದೊಳಗೆ ಅಳುತ್ತಾರೆ. ಹೊರಗಿನ ಮರಿ ಬೇಕೇ ಬೇಕೆಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂತಹ ಸರ್ಕಾರಿ ಜಾಗದಲ್ಲಿ ಮೊದಲೇ ವಿಚಾರಿಸಿ ಹೆಸರು ಬರೆಸಬೇಕು. ಮರಿ ಕೈಗೆ ಬರುವಾಗ ಮರೆಕ್ಸ್ ಎಂಬ ಕೋಳಿರೋಗದ ಲಸಿಕೆ ಆಗಿದೆಯೇ ಎಂದು ಕೇಳಬೇಕು, ಅದನ್ನು ಹುಟ್ಟಿದ ದಿನವೇ ಹಾಕುವುದು.

ಕಾವಿಗೆ ಇಡುವ ಮೊಟ್ಟೆ ವಾರಕ್ಕಿಂತ ಹಳೆಯದಾಗಿರಬಾರದು. ಚೂಪು ತುದಿ ಕೆಳಗಾಗಿ ಮರಳಿನಲ್ಲಿ ಊರಿ ತಂಪಿನ ಮೂಲೆಯಲ್ಲಿ ಇಡುತ್ತೇವೆ. ಒಂದು ಹೇಂಟೆಗೆ ಹತ್ತರಿಂದ ಹನ್ನೆರಡು ಸಾಕು, ದುರಾಸೆಯಿಂದ ಹದಿನೆಂಟು ಇಟ್ಟರೆ ಅಂಚಿನವು ತಣ್ಣಗಾಗುತ್ತವೆ. ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಡದೆ ನಮ್ಮ ಅತ್ತೆ ಒಪ್ಪುವುದಿಲ್ಲ. ಗುಡುಗಿಗೆ ಮೊಟ್ಟೆ ಕೆಡುತ್ತದಂತೆ. ನಾನು ವಾದ ಮಾಡುವುದಿಲ್ಲ. ಗುಡುಗು ಇರುವ ಕಾಲದ ಸೆಕೆಯಲ್ಲಿ ಇಟ್ಟ ಮೊಟ್ಟೆ ಕೆಡುವುದಂತೂ ನಿಜ. ಏಳನೇ ದಿನ ರಾತ್ರಿ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದು ನೋಡುತ್ತೇವೆ. ಕಪ್ಪು ಚುಕ್ಕೆಯೊಂದರಿಂದ ಕೆಂಪು ನರಗಳು ಹರಡಿದ್ದರೆ ಒಳಗೆ ಮರಿ ಇದೆ. ತಿಳಿಯಾಗಿ ಕಂಡದ್ದನ್ನು ತೆಗೆಯಬೇಕು. ಹಾಗೇ ಬಿಟ್ಟರೆ ಕೊಳೆತು ಒಡೆದು ಉಳಿದವನ್ನೂ ಕೆಡಿಸುತ್ತದೆ.

ತಾಯಿ ಇರುವ ಮರಿಗೆ ಬಲ್ಬು ಬೇಡ. ಕೊಂಡು ತಂದ ಮರಿಗಾದರೆ ಬುಟ್ಟಿಯೊಳಗೆ ಅರವತ್ತು ವ್ಯಾಟಿನ ಹಳೆಯ ಕಾಲದ ಬಲ್ಬು ತೂಗುಹಾಕುತ್ತೇವೆ. ಎಲ್.ಇ.ಡಿ. ಬಲ್ಬಿನಿಂದ ಬೆಳಕು ಸಿಗುತ್ತದೆ, ಕಾವು ಸಿಗುವುದಿಲ್ಲ. ಮರಿಗಳು ಬಲ್ಬಿನಡಿ ಒಂದರ ಮೇಲೊಂದು ಗುಂಪುಗಟ್ಟಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ, ಚೆಲ್ಲಾಪಿಲ್ಲಿಯಾಗಿ ಮಲಗಿದರೆ ಸರಿಯಾಗಿದೆ. ಕರೆಂಟು ಹೋದಾಗ ಬಿಸಿನೀರು ತುಂಬಿದ ಬಾಟಲಿಗೆ ಗೋಣಿತಾಟು ಸುತ್ತಿ ನಡುವೆ ಇಡುತ್ತೇವೆ. ಕೆಂಡದ ಮಡಕೆ ಇಡುವವರಿದ್ದಾರೆ. ಮುಚ್ಚಿದ ಕೋಣೆಯಲ್ಲಿ ಆ ಹೊಗೆಗೆ ಮರಿ ಬೆಳಗಾಗುವುದರೊಳಗೆ ಸಾಯಬಹುದು.

ಫೀಡಿನ ಚೀಲ ಐವತ್ತು ಕೆ.ಜಿ.ಯದು. ಒಂದು ಮನೆಯ ಮರಿಗಳು ಅದನ್ನು ಮುಗಿಸುವಷ್ಟರಲ್ಲಿ, ಅದೂ ಆಷಾಢದ ಥಂಡಿಯಲ್ಲಿ, ಬೂಷ್ಟು ಹಿಡಿದಿರುತ್ತದೆ. ಜೋಳದ ಬೂಷ್ಟಿನ ವಿಷ ಯಕೃತ್ತಿಗೆ ಹೊಡೆಯುತ್ತದೆ, ಮರಿಗಳಿಗಂತೂ ತಡೆಯುವ ಶಕ್ತಿಯೇ ಇಲ್ಲ. ಈಗ ಚೀಲ ಬಂದ ದಿನವೇ ಜಗಲಿಯ ಮೇಲೆ ತೂಗಿ ಹಂಚಿಕೊಂಡು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡುತ್ತೇವೆ. ಗಂಟು ಕಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ ಗುಂಡಿಗೆ. ಕೋಳಿಗೆ ಬೇಡವಾದದ್ದು ಎಮ್ಮೆಗೆ ಎನ್ನುವಂತಿಲ್ಲ. ಎಂಟು ವಾರದವರೆಗೆ ಮರಿಗಳ ಸ್ಟಾರ್ಟರ್ ಫೀಡು, ಆಮೇಲೆ ಮನೆಯದೇ ನುಚ್ಚು, ತೌಡು, ಜೊಳ್ಳು ಭತ್ತ, ಹಿತ್ತಲಿನ ಹುಳಹುಪ್ಪಟೆ. ಮೊಟ್ಟೆ ಕೋಳಿಯ ಫೀಡು ಅಗ್ಗಕ್ಕೆ ಸಿಕ್ಕಿತೆಂದು ಮರಿಗೆ ಹಾಕಬಾರದು. ಅದರಲ್ಲಿ ಸುಣ್ಣದಂಶ ಜಾಸ್ತಿ, ಮರಿಯ ಮೂತ್ರಪಿಂಡ ಕೆಡುತ್ತದೆ. ಮೊಟ್ಟೆ ಇಡುವ ಹೇಂಟೆಗಾದರೆ ಸುಣ್ಣದಂಶ ಬೇಕು: ಮೊಟ್ಟೆಯ ಚಿಪ್ಪನ್ನು ಒಣಗಿಸಿ, ಗುರುತು ಸಿಗದಂತೆ ಪುಡಿ ಮಾಡಿ ಹಾಕುತ್ತೇವೆ. ಇಡಿಯಾಗಿ ಎಸೆದರೆ ಮೊಟ್ಟೆ ಒಡೆದು ತಿನ್ನುವ ಚಟ ಹತ್ತುತ್ತದೆ. ಉಪ್ಪಿನಕಾಯಿ ರಸ, ಒಣಮೀನು ತೊಳೆದ ನೀರು ಕೋಳಿಯ ಬಾಯಿಗೆ ಬೀಳದಂತೆ ನೋಡಿಕೊಳ್ಳಬೇಕು.

ಒಡ್ಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲದಿಂದ ಎತ್ತರ, ಅಡಕೆ ದಬ್ಬೆಯ ತಳ, ಹಿಕ್ಕೆ ಕೆಳಗೆ ಬೀಳುವಷ್ಟು ಸಂದು. ಸುತ್ತ ಅರ್ಧ ಇಂಚಿನ ವೆಲ್ಡ್ ಮೆಶ್. ಮಾಮೂಲಿ ಕೋಳಿ ಬಲೆಯ ಕಣ್ಣಿನಲ್ಲಿ ಹಾವು ನುಸುಳುತ್ತದೆ, ಮುಂಗುಸಿ ಅದನ್ನು ಹರಿದೇ ಬಿಡುತ್ತದೆ. ಮಳೆಗಾಲದಲ್ಲಿ ಮರಿಗಳ ಕೆಳಗೆ ಹಾಸಿದ ಹೊಟ್ಟು ಒದ್ದೆಯಾದರೆ ರಕ್ತಭೇದಿ ಬರುತ್ತದೆ. ಒದ್ದೆಯ ಮೇಲೆ ಸುಣ್ಣ ಎರಚಿದರೆ ಸಾಲದು, ಹೊಟ್ಟನ್ನು ತೆಗೆದೇ ಬಿಡಬೇಕು; ಔಷಧಿ ಪಶು ಆಸ್ಪತ್ರೆಯಿಂದ. ಬಚ್ಚಲೊಲೆಯ ಬೂದಿಯನ್ನು ಮಾಡಿನಡಿ ಒಂದು ಮೂಲೆಯಲ್ಲಿ ಹರವಿದರೆ ಹೇನಿನ ಕಾಟಕ್ಕೆ ಕೋಳಿಗಳು ತಾವೇ ಅದರಲ್ಲಿ ಹೊರಳಾಡಿ ಮದ್ದು ಮಾಡಿಕೊಳ್ಳುತ್ತವೆ.

ಸೊಳ್ಳೆ ಹೆಚ್ಚಿದಾಗ ‘ಕೋಳಿಗೆ ಅಮ್ಮ ಬಂದಿದೆ’ ಎನ್ನುತ್ತಾರಲ್ಲ, ಅದು ಸಿಡುಬು. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಗಂಟು, ಹಕ್ಕಳೆ. ಹೆದರಬೇಕಾಗಿಲ್ಲ, ಹೆಚ್ಚಿನವು ಮೂರ್ನಾಲ್ಕು ವಾರದಲ್ಲಿ ಒಣಗುತ್ತವೆ. ಕಣ್ಣು ಮುಚ್ಚಿಹೋದ ಕೋಳಿ ರೋಗಕ್ಕಿಂತ ಹಸಿವಿನಿಂದ ಸಾಯುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಕಣ್ಣು ಒರೆಸಿ, ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿ, ಗಂಜಿಯನ್ನು ಕೈಯಾರೆ ಕುಡಿಸಿದರೆ ಉಳಿಯುತ್ತದೆ. ಹಕ್ಕಳೆಯನ್ನು ಕಿತ್ತು ತೆಗೆಯಬಾರದು.

ಕೇರಿಯವರೆಲ್ಲ ಒಪ್ಪಿದ ಕಟ್ಟುಪಾಡು ಎರಡು. ಸಂತೆಗೆ ಹೋದ ಕೋಳಿ ಮಾರಾಟವಾಗದಿದ್ದರೆ ನೇರ ಒಡ್ಡಿಗೆ ಬರಕೂಡದು. ಎರಡು ವಾರ ಬೇರೆ ಮಂಕರಿಯಲ್ಲಿ ದೂರವಿರಬೇಕು, ಹೊಸದಾಗಿ ಕೊಂಡದ್ದಕ್ಕೂ ಅಷ್ಟೇ. ಒಂದೇ ದಿನ ಮೂರ್ನಾಲ್ಕು ಸತ್ತರೆ ಮುಚ್ಚಿಡದೆ ಎಲ್ಲರಿಗೂ ಹೇಳಬೇಕು, ಪಶು ಆಸ್ಪತ್ರೆಗೂ ತಿಳಿಸಬೇಕು. 2020ರಲ್ಲಿ ಮೈಸೂರಿನಲ್ಲೂ ಹರಿಹರ ತಾಲ್ಲೂಕಿನಲ್ಲೂ ಹಕ್ಕಿಜ್ವರ ಕಂಡಿದ್ದು ನೆನಪಿರಲಿ; ಎಲ್ಲ ಸಾವೂ ಕೊಕ್ಕರೆ ರೋಗದ್ದೇ ಎಂದುಕೊಳ್ಳುವಂತಿಲ್ಲ. ಈ ಎರಡನೆಯ ಕಟ್ಟುಪಾಡೇ ಕಷ್ಟದ್ದು. ಮನೆಯಲ್ಲಿ ಕೋಳಿ ಸಾಯುತ್ತಿದೆ ಎಂದು ಹೇಳಿಕೊಳ್ಳಲು ನಾಚಿಕೆ, ಉಳಿದವನ್ನು ಬೇಗ ಮಾರಿಬಿಡೋಣ ಎಂಬ ಆತುರ. ಆ ಆತುರದಲ್ಲೇ ರೋಗ ಪಕ್ಕದ ಊರಿಗೆ ಬಸ್ಸು ಹತ್ತುತ್ತದೆ.

ಕೊನೆಯದಾಗಿ ಹುಂಜ. ಒಂದೇ ಹುಂಜ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದರೆ ತನ್ನದೇ ಮರಿಗಳೊಂದಿಗೆ ಕೂಡಿ, ಒಡೆಯದ ಮೊಟ್ಟೆ, ಬಡಕಲು ಮರಿ ಹೆಚ್ಚುತ್ತವೆ. ಆದ್ದರಿಂದ ವರ್ಷಕ್ಕೊಮ್ಮೆ ಕಾವಿಗೆ ಮೊಟ್ಟೆ ಇಡುವ ಮುನ್ನ ಹುಂಜಗಳನ್ನು ಮನೆಯಿಂದ ಮನೆಗೆ ಬದಲಾಯಿಸುತ್ತೇವೆ. ಜಗಳ ಬರುವುದೂ ಇಲ್ಲೇ. ಎಲ್ಲರಿಗೂ ಮೇಲಿನ ಮನೆಯ ಕೆಂಪು ಹುಂಜವೇ ಬೇಕು, ತಮ್ಮ ಮನೆಯದನ್ನು ಕೊಡುವಾಗ ಮಾತ್ರ ಕೈ ಹಿಂದೆ. ಬದಲಾಯಿಸುವ ಮುನ್ನ ಅದು ಹರಕೆಯದಲ್ಲ ತಾನೇ ಎಂದು ಕೇಳಿಕೊಳ್ಳಿ. ಚೌಡಿಗೆ ಬಿಟ್ಟ ಹುಂಜವಾದರೆ ಹಬ್ಬದ ಹಿಂದಿನ ಸಂಜೆ ಅದರ ಮನೆಯವರು ಹೆಡಿಗೆ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತಾರೆ, ನೀವು ಇಲ್ಲ ಎನ್ನುವಂತಿಲ್ಲ.