ಗಾರೆ ಬೀಳುವ ಮುನ್ನ ವೈರಿಂಗ್ ನೋಡಿಕೊಳ್ಳಿ

ಮನೆ ಕಟ್ಟುವವರು ಟೈಲ್ಸ್‌ಗಾಗಿ ನಾಲ್ಕು ಅಂಗಡಿ ಸುತ್ತುತ್ತಾರೆ. ವೈರಿಂಗನ್ನು ಮಾತ್ರ ಮೇಸ್ತ್ರಿ ಕರೆತಂದ ಹುಡುಗನಿಗೆ ಒಪ್ಪಿಸಿ ನಿಶ್ಚಿಂತರಾಗುತ್ತಾರೆ. ಗೋಡೆಗೆ ಗಾರೆ ಬಿದ್ದ ಮೇಲೆ ಒಳಗೆ ಏನಿದೆಯೋ ಯಾರಿಗೂ ಕಾಣದು. ತಪಾಸಣೆಯೆಲ್ಲ ಅದಕ್ಕೂ ಮೊದಲೇ ಮುಗಿಯಬೇಕು.

ಮೊದಲ ಕೆಲಸ, ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರನ್ನು ಹಿಡಿಯುವುದು. ಕೊನೆಯಲ್ಲಿ ಬೆಸ್ಕಾಂ, ಹೆಸ್ಕಾಂನಂಥ ಕಂಪನಿಗಳು ಕೇಳುವ ಪೂರ್ಣಗೊಂಡ ವರದಿಗೆ ಸಹಿ ಹಾಕಬೇಕಾದವರು ಅವರೇ. ಪರವಾನಗಿಯ ಅವಧಿ ಮುಗಿದಿಲ್ಲವೇ ಎಂದು ನೋಡಿಕೊಳ್ಳಿ.

ಬಳಿಕ ಕೋಣೆವಾರು ಪಟ್ಟಿ ಮಾಡಿ: ಎಲ್ಲಿ ಗೀಸರ್, ಎಲ್ಲಿ ಎ.ಸಿ., ಎಲ್ಲಿ ಮಿಕ್ಸಿ. ಮನೆ ವೈರಿಂಗಿಗೆ ಬಹುಕಾಲದಿಂದ ಬಂದಿರುವ ಮಾನಕದ ಲೆಕ್ಕ ಹೀಗಿದೆ: ದೀಪ, ಫ್ಯಾನ್‌ಗಳ ಒಂದು ಸರ್ಕ್ಯೂಟಿನಲ್ಲಿ, ಅಂದರೆ ಒಂದೇ ಲೈನಿನಲ್ಲಿ, 10 ಪಾಯಿಂಟ್ ಅಥವಾ 800 ವ್ಯಾಟ್‌ಗಿಂತ ಹೆಚ್ಚು ಬೇಡ, 16 ಆಂಪಿಯರ್ ಸಾಕೆಟ್‌ಗಳಾದರೆ ಒಂದು ಸರ್ಕ್ಯೂಟಿಗೆ ಎರಡೇ. ಗೀಸರ್‌ಗೂ ಎ.ಸಿ.ಗೂ ಬೇರೆ ಬೇರೆ ಸರ್ಕ್ಯೂಟ್ ಎಳೆಸಿಬಿಡುವುದು ಲೇಸು.

ವೈರ್ ಐಎಸ್‌ಐ ಗುರುತಿನ ತಾಮ್ರದ್ದಾಗಿರಲಿ. ದೀಪಗಳಿಗೆ 1.5 ಚದರ ಮಿ.ಮೀ., 16 ಆಂಪಿಯರ್ ಸಾಕೆಟ್‌ಗೆ 2.5 ಅಥವಾ 4. ಕರೆಂಟ್ ತರುವ ಫೇಸ್‌ಗೆ ಕೆಂಪು, ಹಳದಿ ಅಥವಾ ನೀಲಿ, ಅದು ಮರಳುವ ನ್ಯೂಟ್ರಲ್‌ಗೆ ಕಪ್ಪು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್‌ಗೆ ಹಸಿರು. 'ಕಪ್ಪು ಮುಗಿಯಿತು, ಹಸಿರನ್ನೇ ಎಳೆದೆ' ಎಂದರೆ ಒಪ್ಪಬೇಡಿ. ಮುಂದೊಮ್ಮೆ ರಿಪೇರಿಗೆ ಬರುವವನು ಬಣ್ಣ ನಂಬಿಯೇ ಕೈ ಹಾಕುತ್ತಾನೆ. ಸ್ವಿಚ್ ಇರಬೇಕಾದದ್ದು ಫೇಸ್‌ನಲ್ಲಿ, ನ್ಯೂಟ್ರಲ್‌ನಲ್ಲಲ್ಲ. ಪೈಪಿನೊಳಗೆ ವೈರ್ ಜೋಡಣೆ ಕೂಡದು. ಜೋಡಿಸುವುದಿದ್ದರೆ ತೆರೆದು ನೋಡಬಹುದಾದ ಬಾಕ್ಸಿನಲ್ಲಿ.

ಇನ್ನು ಡಿ.ಬಿ., ಅಂದರೆ ಸರ್ಕ್ಯೂಟ್‌ಗಳಿಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ. ಹೆಚ್ಚಿನವರು ಎಡವುವುದು ಇಲ್ಲೇ. ಅದರಲ್ಲಿನ ಎಂಸಿಬಿ, ಅಂದರೆ ಲೋಡ್ ಮೀರಿದಾಗ ತಾನೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್, ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಪದೇಪದೇ ಬೀಳುತ್ತದೆಂದು 16 ಆಂಪಿಯರ್‌ನದನ್ನು ತೆಗೆದು 32ರದ್ದನ್ನು ಕೂರಿಸಿದರೆ, ಎಂಸಿಬಿ ಬೀಳುವಷ್ಟರಲ್ಲಿ ಗೋಡೆಯೊಳಗಿನ ವೈರ್ ಸುಟ್ಟಿರುತ್ತದೆ. ಜೀವ ಉಳಿಸುವುದು ಆರ್‌ಸಿಸಿಬಿ, ಕರೆಂಟ್ ಸೋರಿದ್ದನ್ನು ಕಂಡು ಲೈನ್ ಕಡಿಯುವ ಸ್ವಿಚ್. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಂತೆ ಮನೆಗಳಲ್ಲಿ ಅದು 30 ಮಿಲಿ ಆಂಪಿಯರ್ ಸೋರಿಕೆ ದಾಟುವ ಮೊದಲೇ ಕರೆಂಟ್ ಕಡಿಯಬೇಕು. ಅದನ್ನು ಹಾಕಿದ ದಿನವೇ 'ಸುಮ್ಮಸುಮ್ಮನೆ ಬೀಳುತ್ತದೆ ಸಾರ್, ತೆಗೆದುಬಿಡೋಣ' ಎನ್ನುವವರಿದ್ದಾರೆ. ಸುಮ್ಮನೆ ಬೀಳುವುದು ಅಪರೂಪ. ಎರಡು ಸರ್ಕ್ಯೂಟ್‌ಗಳ ನ್ಯೂಟ್ರಲ್ ಯಾವುದೋ ಬಾಕ್ಸಿನಲ್ಲಿ ಕೂಡಿರುತ್ತದೆ, ಇಲ್ಲವೇ ಗೀಸರ್ ಕಾಯಿಲ್ ಸೋರುತ್ತಿರುತ್ತದೆ. ಹುಡುಕಿಸಿ.

ಅರ್ಥಿಂಗ್‌ಗೆ ನೀರಿನ ಕೊಳಾಯಿಯನ್ನು ನೆಚ್ಚಬೇಡಿ. ಅದಕ್ಕೆ ತೋಡುವ ಗುಂಡಿ ಕಟ್ಟಡದಿಂದ ಕನಿಷ್ಠ 1.5 ಮೀಟರ್ ದೂರವಿರಲಿ; ಸುಮಾರು 40 ಮಿ.ಮೀ. ಅಗಲದ, 2.5 ಮೀಟರ್ ಉದ್ದದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬುವುದು ಹಳೆಯ ಪದ್ಧತಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ಯಬೇಕು. ಅದರ ಬಾಯಿಯನ್ನು ಕಾಂಕ್ರೀಟಿನಲ್ಲಿ ಮುಚ್ಚಿ ಮೇಲೆ ಕಾರು ನಿಲ್ಲಿಸುವ ಜಾಣರಿಗೆ ಏನು ಹೇಳುವುದು!

ಕಡೆಯ ಹಣ ಕೊಡುವ ಮುನ್ನ, ವೈರಿನ ಹೊದಿಕೆ ಕರೆಂಟ್ ಸೋರದಂತೆ ತಡೆಯುತ್ತದೆಯೇ ಎಂದು ಅಳೆಯುವ ಮೆಗ್ಗರ್‌ನಿಂದ ಪರೀಕ್ಷೆ ಮಾಡಿಸಿ. ಬಲ್ಬು, ಉಪಕರಣಗಳನ್ನೆಲ್ಲ ಕಳಚಿ 500 ವೋಲ್ಟ್ ಡಿ.ಸಿ. ಕೊಟ್ಟಾಗ ವೈರಿಗೂ ಭೂಮಿಗೂ ನಡುವೆ ಕನಿಷ್ಠ 1 ಮೆಗಾಓಮ್ ರೋಧ ಬರಬೇಕು. ಬಂದ ಅಂಕಿಯನ್ನು ವರದಿಯಲ್ಲಿ ಬರೆಸಿ ಒಂದು ಪ್ರತಿ ಇಟ್ಟುಕೊಳ್ಳಿ. ಕರೆಂಟ್ ಬಂದ ಮೇಲೆ ಆರ್‌ಸಿಸಿಬಿಯ 'ಟಿ' (ಟೆಸ್ಟ್) ಬಟನ್ನನ್ನು ನೀವೇ ಒತ್ತಿ ನೋಡಿ. ಕೂಡಲೇ ಕರೆಂಟ್ ಹೋಗದಿದ್ದರೆ ಅದನ್ನು ಬದಲಾಯಿಸಬೇಕು.