ಹೊದಿಕೆಯೊಳಗಿಂದ ಕೇಳುವ ಏಟು

ಐರ್ಲೆಂಡಿನ ಹಾರರ್ ಸರಣಿಯೊಂದರ ಒಂದು ಎಪಿಸೋಡಿಗೆ ಸೌಂಡ್ ಡಿಸೈನ್ ಮಾಡಿದೆ. ಕತೆ ನಡೆಯುವುದು 1950ರ ದಶಕದಲ್ಲಿ, ಕ್ಯಾಥೊಲಿಕ್ ಬ್ರದರ್‌ಗಳು, ಅಂದರೆ ವ್ರತ ತೊಟ್ಟ ಸನ್ಯಾಸಿಗಳು, ನಡೆಸುವ ಹುಡುಗರ ವಸತಿ ಶಾಲೆಯಲ್ಲಿ. ಅದು ಕಲ್ಪನೆಯ ಶಾಲೆ. ಆದರೆ ಗಾಲ್ವೇ ಕೌಂಟಿಯ ಲೆಟರ್‌ಫ್ರ್ಯಾಕ್‌ನಲ್ಲಿ 1974ರವರೆಗೂ ಅಂಥದ್ದು ನಿಜವಾಗಿ ಇತ್ತು. ಮನೆಯಲ್ಲಿ ಬಡತನ, ಶಾಲೆಗೆ ಚಕ್ಕರ್, ಇಷ್ಟಕ್ಕೇ ಕೋರ್ಟು ಮಕ್ಕಳನ್ನು ಇಂಥ ಕಡೆ ಕಳಿಸಿಬಿಡುತ್ತಿತ್ತು.

ಕೆಲಸ ಶುರುಮಾಡುವ ಮೊದಲು, ಇಂಥ ಶಾಲೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ಬಗ್ಗೆ ಐರ್ಲೆಂಡಿನ ತನಿಖಾ ಆಯೋಗ ಕೊಟ್ಟ 2009ರ ರಯಾನ್ ವರದಿ ಓದಿದೆ. ಬೇರೆ ಮಕ್ಕಳು ಹೊಡೆತ ತಿನ್ನುವುದನ್ನು ನೋಡಿದ, ಕೇಳಿಸಿಕೊಂಡ ಭಯ ಎಷ್ಟೋ ಜನರನ್ನು ಬದುಕಿಡೀ ಬಿಡಲಿಲ್ಲ ಎಂದು ಅದರಲ್ಲಿದೆ. ನನಗೆ ದಾರಿ ಸಿಕ್ಕಿದ್ದು ಅಲ್ಲೇ. ಸ್ಕ್ರಿಪ್ಟಿನಲ್ಲಿದ್ದ ದೆವ್ವದ ಕಿರುಚಾಟವನ್ನು ಬದಿಗಿಟ್ಟು, ಪಕ್ಕದ ಹಾಸಿಗೆಯ ಹುಡುಗನ ಕಿವಿಗೆ ಏನು ಬೀಳುತ್ತಿತ್ತು ಎಂಬುದನ್ನೇ ಹಿಡಿದು ಹೊರಟೆ.

ಬ್ರದರ್‌ಗಳ ಕೈಯಲ್ಲಿರುತ್ತಿದ್ದುದು ಹಲವು ಪದರ ಸೇರಿಸಿ ಹೊಲಿದ ಚರ್ಮದ ಪಟ್ಟಿ. ಹಳೆಯ ಬೆಲ್ಟುಗಳನ್ನು ಜೋಡಿಸಿ ಹೊಲಿಸಿಕೊಂಡೆ. ಒದ್ದೆ ಚರ್ಮದ ಮೇಲೆ ಬೀಸಿ ರೆಕಾರ್ಡ್ ಮಾಡಿದಾಗ ಏಟಿನ ಸದ್ದು ಸ್ಪಷ್ಟವಾಗಿ ಬಂತು, ಆದರೆ ತೀರಾ ಹತ್ತಿರದ್ದು. ಅದನ್ನು ಉದ್ದನೆಯ ಕಲ್ಲಿನ ಕಾರಿಡಾರಿನ ಒಂದು ತುದಿಯಲ್ಲಿ ಸ್ಪೀಕರಿನಲ್ಲಿ ನುಡಿಸಿ, ಇನ್ನೊಂದು ತುದಿಯಲ್ಲಿ ದಪ್ಪ ಉಣ್ಣೆಯ ಕಂಬಳಿಯೊಳಗೆ ಮೈಕ್ ಇಟ್ಟು ಮತ್ತೆ ಹಿಡಿದೆ. ಚುರುಕು ಸದ್ದೆಲ್ಲ ಕಂಬಳಿಗೇ ಹೋಗಿ ಮಂದವಾದ ಬಡಿತ ಉಳಿಯಿತು. ಮುಸುಕು ಹಾಕಿ ಮಲಗಿದ ಹುಡುಗನಿಗೆ ಕೇಳುವುದು ಅದೇ.

ಆಮೇಲೆ ಹೆಜ್ಜೆಗಳು. ಬೂಟಿನ ಸದ್ದು ಬರುತ್ತಾ ಬರುತ್ತಾ ಬಾಗಿಲ ಬಳಿ ನಿಲ್ಲಬೇಕು, ನಿಂತಲ್ಲಿ ಬೀಗದ ಕೈ ಗೊಂಚಲು ಒಮ್ಮೆ ಅಲುಗಬೇಕು. ಅಲ್ಲಿಯವರೆಗೆ ಮಲಗುವ ಕೋಣೆಯ ತುಂಬ ಹರಡಿದ್ದ ಮಕ್ಕಳ ಉಸಿರಾಟದ ಟ್ರ್ಯಾಕನ್ನು ಆ ಕ್ಷಣದಲ್ಲಿ ಪೂರ್ತಿ ತೆಗೆದೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ಹೊರಗೆ ಮಳೆ ಮಾತ್ರ.

ಪ್ರಾರ್ಥನೆಯನ್ನು ಉಲ್ಟಾ ಓಡಿಸಿ ಭಯ ಹುಟ್ಟಿಸೋಣ ಎಂಬ ಸಲಹೆ ಬಂತು. ನಾನು ಒಪ್ಪಲಿಲ್ಲ. ಆ ಮಕ್ಕಳಲ್ಲಿ ಎಷ್ಟೋ ಜನ ನಂಬಿಕೆಯಿಂದಲೇ ಬೇಡಿಕೊಂಡಿರಬೇಕು. ಅದನ್ನು ದೆವ್ವದ ಸದ್ದಾಗಿ ಬಳಸಲು ನನಗೆ ಮನಸ್ಸಾಗಲಿಲ್ಲ. ರಾತ್ರಿಯ ಜಪಮಾಲೆ ಪ್ರಾರ್ಥನೆಯನ್ನು, ದೀಪ ಹಚ್ಚಿದ ಮೇಲೆ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ, ದಣಿದ ಒಂದೇ ರಾಗದಲ್ಲಿ ಬಿಟ್ಟೆವು.

ಮಿಕ್ಸಿಂಗ್‌ನಲ್ಲಿ ಇನ್ನೊಂದು ಲೆಕ್ಕವಿತ್ತು. ಯುರೋಪಿನ ಟೀವಿ ಪ್ರಸಾರದಲ್ಲಿ ಇಡೀ ಕಾರ್ಯಕ್ರಮದ ಸರಾಸರಿ ಲೌಡ್‌ನೆಸ್ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಸದ್ದು ಎಷ್ಟು ಜೋರಾಗಿ ಕೇಳುತ್ತದೆ ಎಂದು ಅಳೆಯುವ ಮಾನ) ಇರಬೇಕು. ಥಿಯೇಟರಿನ ಹಾಗೆ ಎದೆ ನಡುಗಿಸುವ ಗುಡುಗನ್ನು ನೆಚ್ಚಿಕೊಳ್ಳುವಂತಿಲ್ಲ, ಟೀವಿಯ ಪುಟ್ಟ ಸ್ಪೀಕರಿಗೆ ಅದು ದಕ್ಕುವುದೂ ಇಲ್ಲ. ಕಂಬಳಿಯ ಏಟನ್ನು ಸಾಮಾನ್ಯ ಟೀವಿಯಲ್ಲೇ ಹಾಕಿ ಕೇಳಿ, ಮಳೆಯನ್ನು ಇನ್ನಷ್ಟು ತಗ್ಗಿಸಿ, ಮಿಕ್ಸ್ ಕಳಿಸಿಕೊಟ್ಟೆ.