ಕೋವಿ ಇರುವ ಮನೆಯಲ್ಲಿ ಮಕ್ಕಳನ್ನು ಬೆಳೆಸುತ್ತಾ

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಬ್ಯಾಂಕಿನ ಬಾಗಿಲಲ್ಲಿ ನಿಂತ ಕಾವಲುಗಾರನ ಕೈಯಲ್ಲಿ ಬಿಟ್ಟರೆ ಬೇರೆಲ್ಲೂ ಕೋವಿ ನೋಡಿದವಳಲ್ಲ. ಮದುವೆಯಾಗಿ ಕೊಡಗಿಗೆ ಬಂದರೆ, ಮಾವನ ಕೋಣೆಯ ಗೋಡೆಯಲ್ಲೇ ಜೋಡು ನಳಿಗೆಯ ತೋಟಾ ಕೋವಿ ತೂಗುತ್ತಿತ್ತು.

ಕೊಡವರಿಗೂ, ತಲೆಮಾರಿನಿಂದ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು, ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು. ಇಷ್ಟು ಹಳೆಯದನ್ನು ತೆಗೆದುಹಾಕಿ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಹಾಗಂತ ಹೆದರಿಕೆಯೂ ಹೋಗಲಿಲ್ಲ. ಆದ್ದರಿಂದ ಆ ವಿಷಯವನ್ನೇ ಎತ್ತದೆ ಉಳಿದೆ. ಮಕ್ಕಳು ಕೇಳಿದರೆ "ಅದು ಅಜ್ಜನದು, ಆಚೆ ಹೋಗಿ ಆಡಿಕೊಳ್ಳಿ" ಎನ್ನುತ್ತಿದ್ದೆ. ಅದೇ ದೊಡ್ಡ ತಪ್ಪಾಯಿತು.

ಮಗನಿಗೆ ಆಗ ಆರು ವರ್ಷ. ಕೈಲ್‌ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬದ ಹಿಂದಿನ ದಿನ ಮಾವ ಕೋವಿ ಇಳಿಸಿ, ಎಣ್ಣೆ ಹಾಕಿ ಒರೆಸಿ ಮಂಚದ ಮೇಲೆ ಇಟ್ಟಿದ್ದರು. ಯಾರೋ ಕರೆದರು ಅಂತ ಅಂಗಳಕ್ಕೆ ಹೋದರು. ನಾನು ಕೋಣೆಗೆ ಬಂದಾಗ ನಾದಿನಿಯ ಮಗ ಕೋವಿಯ ಹಿಂಭಾಗ ಹಿಡಿದಿದ್ದ. ನನ್ನ ಮಗ ನಳಿಗೆಯ ಬಾಯಿಗೆ ಕಣ್ಣಿಟ್ಟು ನೋಡುತ್ತಿದ್ದ. ಒಳಗೆ ತೋಟಾ ಇರಲಿಲ್ಲ. ಅದು ನನಗೆ ಗೊತ್ತಾದದ್ದು ಆಮೇಲೆ.

ರಾತ್ರಿ ಮಗನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕೇಳಿದೆ. "ಒಳಗೆ ಏನಿದೆ ಅಂತ ನೋಡಬೇಕಿತ್ತು ಅಮ್ಮ. ನೀನು ಹೇಳೋದೇ ಇಲ್ವಲ್ಲ" ಎಂದ.

ಆ ವಾರ ಸಿಕ್ಕಿದ್ದನ್ನೆಲ್ಲ ಓದಿದೆ. ಅಮೆರಿಕದ ಅಟ್ಲಾಂಟಾದ ಒಂದು ಅಧ್ಯಯನ ಮನಸ್ಸಿನಿಂದ ಹೋಗಲೇ ಇಲ್ಲ. 2001ರದ್ದು. ಎಂಟರಿಂದ ಹನ್ನೆರಡು ವರ್ಷದ ಹುಡುಗರನ್ನು ಸಣ್ಣ ಗುಂಪುಗಳಾಗಿ ಕೋಣೆಯಲ್ಲಿ ಬಿಟ್ಟು, ಗುಂಡು ಹಾರದ ನಿಜವಾದ ಪಿಸ್ತೂಲನ್ನು ಡ್ರಾಯರಿನಲ್ಲಿ ಇಟ್ಟಿದ್ದರು. 29 ಗುಂಪುಗಳಲ್ಲಿ 21 ಗುಂಪಿಗೆ ಅದು ಸಿಕ್ಕಿತು. 16 ಗುಂಪುಗಳಲ್ಲಿ ಅದನ್ನು ಕೈಗೆತ್ತಿಕೊಂಡರು. 10 ಗುಂಪುಗಳಲ್ಲಿ ಟ್ರಿಗರ್ ಎಳೆದೇಬಿಟ್ಟರು. ಹಾಗೆ ಮುಟ್ಟಿದವರಲ್ಲಿ ಹೆಚ್ಚಿನವರಿಗೆ ಮೊದಲೇ ಬುದ್ಧಿ ಹೇಳಲಾಗಿತ್ತಂತೆ! ಅಂದರೆ ಮಕ್ಕಳಿಗೆ ಹೇಳಿದ ಮಾತ್ರಕ್ಕೆ ಮುಗಿಯಲಿಲ್ಲ. ಬೀಗ ಮೊದಲು, ಮಾತು ಆಮೇಲೆ.

ಬೀಗದ ಮಾತು ಮಾವನ ಹತ್ತಿರ ಹೇಗೆ ತೆಗೆಯುವುದು? ಎರಡು ದಿನ ಒದ್ದಾಡಿದೆ. ಕೊನೆಗೆ ಕಾಫಿ ಕೊಡುವಾಗ ನೇರವಾಗಿ ಹೇಳಿದೆ. "ಮಾವ, ಕೋವಿ ಬೇಡ ಅಂತಿಲ್ಲ. ಮಕ್ಕಳ ಕೈಗೆ ಸಿಗಬಾರದು, ಅಷ್ಟೇ."

"ರಾತ್ರಿ ತೋಟಕ್ಕೆ ಹಂದಿ ನುಗ್ಗಿದರೆ ಬೀಗ ತೆಗೀತಾ ಕೂರಲಾ?" ಎಂದರು. ಮಂಚದ ಮೇಲೆ ಆದದ್ದನ್ನು ಅವರಿಗೆ ಆಗ ಹೇಳಿದೆ. ಅಲ್ಲಿಯವರೆಗೆ ಹೇಳಿರಲಿಲ್ಲ. ಅವರು ಕಾಫಿ ಅಲ್ಲೇ ಬಿಟ್ಟು ಎದ್ದುಹೋದರು. ಮರುದಿನ ಅವರೇ ಕುಶಾಲನಗರಕ್ಕೆ ಹೋಗಿ ಕಬ್ಬಿಣದ ಬೀರು ತಂದರು. ಈಗ ಕೋವಿ ಅದರೊಳಗೆ. ತೋಟಾಗಳು ಬೇರೆ ಕೋಣೆಯಲ್ಲಿ, ಬೇರೆ ಬೀಗದ ಪೆಟ್ಟಿಗೆಯಲ್ಲಿ. ಎರಡೂ ಕೀ ಮಾವನ ಸೊಂಟದಲ್ಲಿ. ಕೀಯನ್ನು ದಿಂಬಿನ ಕೆಳಗೆ, ದೇವರ ಪಟದ ಹಿಂದೆ ಇಡುವುದು ಬೇಡ ಎಂದೆವು. ಅಂಥ ಜಾಗಗಳೆಲ್ಲ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತವೆ.

ಆಮೇಲೆ ನಾನೇ ಕಲಿತೆ. ಇದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೋವಿಯನ್ನು ಮಧ್ಯಕ್ಕೆ ಬಗ್ಗಿಸಿ ತೆರೆಯುವುದು, ಎರಡೂ ನಳಿಗೆಯಲ್ಲಿ ಬೆಳಕು ಆರಪಾರ ಕಾಣುತ್ತಿದೆಯೇ ನೋಡುವುದು, ಬೆರಳನ್ನು ಟ್ರಿಗರ್‌ನಿಂದ ದೂರ ಇಡುವುದು, ನಳಿಗೆಯ ಬಾಯಿಯನ್ನು ಯಾರ ಕಡೆಗೂ ತಿರುಗಿಸದಿರುವುದು. ಮಾವ ಎದುರಿಗೆ ನಿಂತು ಹತ್ತು ಸಲ ಮಾಡಿಸಿದರು. ಗುಂಡು ಹಾರಿಸಿಲ್ಲ, ಹಾರಿಸುವ ಆಸೆಯೂ ಇಲ್ಲ. ಆದರೆ ಖಾಲಿ ಇದೆಯೋ ಇಲ್ಲವೋ ಈಗ ಬೇರೆಯವರನ್ನು ಕೇಳಬೇಕಾಗಿಲ್ಲ. ನನ್ನಂತೆ ಹೆದರುವ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟು: ಅದನ್ನು ಇಷ್ಟಪಡಬೇಕಾಗಿಲ್ಲ, ಪರಿಚಯ ಮಾಡಿಕೊಂಡರೆ ಸಾಕು.

ಮಕ್ಕಳಿಗೆ ಜಾಸ್ತಿ ಪಾಠ ಮಾಡಲಿಲ್ಲ. ಕೋವಿ ಕಂಡರೆ ಮುಟ್ಟಬಾರದು. ಅಲ್ಲಿ ನಿಲ್ಲದೆ ಬರಬೇಕು. ಬಂದು ದೊಡ್ಡವರಿಗೆ ಹೇಳಬೇಕು. ಆಟದ್ದು ಅನ್ನಿಸಿದರೂ ಹೀಗೇ ಮಾಡಬೇಕು. ದೀಪಾವಳಿಯ ಪಟಾಕಿ ಪಿಸ್ತೂಲನ್ನೂ ಯಾರ ಮುಖಕ್ಕೂ ಹಿಡಿಯಬಾರದು ಎಂದೆ. ಅಜ್ಜ ಕೋವಿ ತೆರೆದು, ಒಳಗೆ ಏನಿದೆ ಅಂತ ಹಿಂದಿನಿಂದ ತೋರಿಸಿದರು. ಮಗನ ಕುತೂಹಲ ಅರ್ಧ ಅಲ್ಲೇ ಇಳಿಯಿತು.

ತಿಂಗಳಾದ ಮೇಲೆ ಮಕ್ಕಳಿಗೆ ಗೊತ್ತಾಗದ ಹಾಗೆ ಪರೀಕ್ಷೆ ಮಾಡಿದೆವು. ನಳಿಗೆ ಬಿಚ್ಚಿ ಬೀರುವಿನಲ್ಲೇ ಉಳಿಸಿ, ಟ್ರಿಗರ್ ಇರುವ ಮರದ ಭಾಗವನ್ನು ಮಾತ್ರ ಬೆಂಚಿನ ಮೇಲೆ ಇಟ್ಟೆವು. ನಾನೂ ನನ್ನವರೂ ಬಾಗಿಲ ಹಿಂದೆ ನಿಂತೆವು. ಮಗ ನೋಡಿದವನೇ "ಅಜ್ಜಾ" ಅಂತ ಕೂಗುತ್ತಾ ಓಡಿದ. ಅವನಿಗಿಂತ ಎರಡು ವರ್ಷ ದೊಡ್ಡವಳಾದ ಮಗಳು ಮುಟ್ಟಲಿಲ್ಲ. ಆದರೆ ಹೊರಗೆ ಹೋಗಿ ಸುಮ್ನೆ ಕೂತಳು, ಯಾರಿಗೂ ಹೇಳಲಿಲ್ಲ. ಕೇಳಿದರೆ, "ನಾನೇ ತೆಗೆದೆ ಅಂತ ಬೈತೀರಿ ಅಂದುಕೊಂಡೆ" ಎಂದಳು. ನನಗೆ ನಿಜವಾಗಿ ಕಲಿಸಿದ್ದು ಆ ಮಾತು. ಅಂದಿನಿಂದ ಕೋವಿಯ ವಿಷಯ ಹೇಳಲು ಬಂದವರಿಗೆ ಬೈಗುಳ ಇಲ್ಲ. ತಾವೇ ತಪ್ಪು ಮಾಡಿ ಬಂದು ಹೇಳಿದರೂ ಇಲ್ಲ.

ಬೇರೆಯವರ ಮನೆಗೆ ಕಳಿಸುವಾಗ ನಾನು ಕೇಳಿಯೇ ಕಳಿಸುತ್ತೇನೆ. "ನಮ್ಮ ಹುಡುಗ ಎಲ್ಲದಕ್ಕೂ ಕೈ ಹಾಕ್ತಾನೆ, ಕೋವಿ ಬೀಗದಲ್ಲಿ ಇದೆ ತಾನೇ?" ಹೀಗೆ ನಮ್ಮ ಮಗುವಿನ ಮೇಲೆ ಹಾಕಿ ಕೇಳಿದರೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಏರ್‌ಗನ್ ಬಗ್ಗೆಯೂ ಕೇಳುತ್ತೇನೆ. ಸಣ್ಣ ಏರ್‌ಗನ್‌ಗೆ ಲೈಸೆನ್ಸ್ ಬೇಡ, ಅದಕ್ಕೇ ಜನ ಅದನ್ನು ಆಟದ ಸಾಮಾನಿನಂತೆ ಮೂಲೆಯಲ್ಲಿ ಒರಗಿಸಿಡುತ್ತಾರೆ. ಕಣ್ಣು ಹೋಗಲು, ಜೀವವೇ ಹೋಗಲು ಅದರ ಒಂದು ಗುಂಡು ಸಾಕು.

ಈಗ ಕೈಲ್‌ಪೊಳ್ದ್ ದಿನ ಮಗಳೇ ಬೇಲಿಯಿಂದ, ಕೋವಿಗೆ ಸಿಕ್ಕಿಸುವ ತೋಕ್ ಪೂ ಎಂಬ ಹೂ ತರುತ್ತಾಳೆ. ಆ ಗಿಡವೂ ವಿಷ, ಕೈ ತೊಳೆಯದೆ ಬಾಯಿಗೆ ಕೈ ಇಡಬಾರದು ಅಂತ ಅವಳೇ ತಮ್ಮನಿಗೆ ಹೇಳುತ್ತಾಳೆ. ಹೂ ಇಡುವ ಮೊದಲು "ಅಜ್ಜ, ತೆರೆದು ತೋರಿಸಿ" ಎಂದು ಕೇಳುತ್ತಾಳೆ. ಮಾವ ತೆರೆಯುತ್ತಾರೆ. ಅವಳು ಎರಡೂ ನಳಿಗೆಯಲ್ಲಿ ಬೆಳಕು ನೋಡಿ, ಆಮೇಲೆ ಹೂ ಸಿಕ್ಕಿಸುತ್ತಾಳೆ.

ಮಗನಿಗೆ ಮುಂದಿನ ವರ್ಷ ಹನ್ನೆರಡು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ ಬಂದಾಗಿನಿಂದ ಕಲಿಯಬೇಕು ಅನ್ನುತ್ತಿದ್ದಾನೆ. ನನ್ನವರು ಸರಿ ಅಂದಿದ್ದಾರೆ. ನಾನು ಇನ್ನೂ ಹೂಂ ಅಂದಿಲ್ಲ.